ಉಪ್ಪು ಮುಟ್ಟಿ ಕಾಯ್ದ ಗುಟ್ಟು

ಒಂದು ಹೊಳೆ, ಹೊಳೆಗೊಂದು ಏರಿ, ಏರಿಯ ಮೇಲೊಂದು ಜಾಲಿಮರ. ಏರಿಯೊಳಗೆ ಗೊದ್ದ ಇರುವೆಗಳ ಕುಲ, ಮರದಲ್ಲಿ ಗೀಜಗಗಳ ಕುಲ, ಕೆಳಗಿನ ಕೆಸರಿನಲ್ಲಿ ಏಡಿಗಳ ಕುಲ. ಮಳೆಯನ್ನು ಮೊದಲೇ ತಿಳಿಯಲು ಒಂದೊಂದು ಕುಲಕ್ಕೂ ಒಂದೊಂದು ಗುರುತಿತ್ತು. ಅದನ್ನು ಹೊರಗಿನವರಿಗೆ ಹೇಳುವುದಿಲ್ಲವೆಂದು ವಯಸ್ಸಿಗೆ ಬಂದವರೆಲ್ಲ ಉಪ್ಪು ಮುಟ್ಟಿ ಆಣೆ ಇಡಬೇಕು. ಹಿರಿಯರ ಪದ್ಧತಿ, ಯಾಕೆಂದು ಕೇಳುವವರಾರು?

ಗೊದ್ದಗಳ ಗುರುತು ಮಣ್ಣಿನ ಬೆವರು. ಗೂಡಿನ ತಳ ಬೆವರಿದರೆ ಮೊಟ್ಟೆಗಳನ್ನು ಏರಿಯ ನೆತ್ತಿಗೆ ಹೊರಬೇಕು. ಆದರೆ ಈಚೆಗೆ ಕಾಲವೇ ತಲೆಕೆಳಗಾಗಿತ್ತು. ಹೋದ ವರ್ಷ ಮಣ್ಣು ಬೆವರಿತು, ಮೊಟ್ಟೆ ಮೇಲೇರಿತು, ಮಳೆ ಮಾತ್ರ ಬರಲಿಲ್ಲ. ಅರ್ಧ ಮೊಟ್ಟೆಗಳು ಬಿಸಿಲಿಗೆ ಬೆಂದುಹೋದವು. ಮೊಟ್ಟೆ ಕಾಯುವ ಗೊದ್ದವ್ವನಿಗೆ ಆ ಸಂಕಟ ಇನ್ನೂ ಆರಿರಲಿಲ್ಲ.

ಈ ವರ್ಷ ಮತ್ತೆ ಮಣ್ಣು ಬೆವರಿತು. ಹೊತ್ತರೆ ಬಿಸಿಲು, ಬಿಟ್ಟರೆ ನೀರು. ಗೊದ್ದವ್ವ ಜಾಲಿಮರ ಹತ್ತಿದಳು.

“ಗೀಜಗಣ್ಣ, ನಿಮ್ಮ ಗುರುತು ಏನು ಹೇಳುತ್ತೆ?”

“ಮನೆಯ ಗುಟ್ಟು ಬೀದಿಗೆ ಹಾಕಲೇನವ್ವ?”

“ಹಾಗಾದರೆ ನಮ್ಮದನ್ನು ಕೇಳು. ಗೂಡಿನ ತಳ ಬೆವರಿದೆ.”

ಗೀಜಗ ಹೊಳೆಯ ಕಡೆ ನೋಡಿದ. ಹೋದ ವರ್ಷದ ಬಿರುಗಾಳಿಗೆ ಅವನ ಮರಿಗಳೂ ಹೊಳೆಯ ಪಾಲಾಗಿದ್ದವು. “ನಮ್ಮ ಗುರುತು ಗಾಳಿ. ಅದು ಪಡುವಣದಿಂದ ಬೀಸುತ್ತಿದೆ. ಮಳೆ ತರುತ್ತದೋ ಬರೀ ಗಾಳಿಯೋ, ನಮಗೂ ತಿಳಿಯದು” ಎಂದ.

ಇಬ್ಬರೂ ಏಡಿಯ ಬಿಲಕ್ಕೆ ಹೋದರು. ಎರಡು ಗುಟ್ಟು ಕೇಳಿದ ಮೇಲೆ ತನ್ನದನ್ನು ಮುಚ್ಚಿಡಲು ಏಡಿಗೂ ನಾಚಿಕೆಯಾಯಿತು. “ಬಿಲದಲ್ಲಿ ಕೆಂಪು ನೀರು ಜಿನುಗುತ್ತಿದೆ. ಮೇಲೆಲ್ಲೋ ಜೋರು ಮಳೆಯಾಗಿದೆ.”

ಮೂರೂ ಮಾತು ಕೂಡಿದವು, ಅನುಮಾನ ತೀರಿತು. ನೆರೆ ಬರುವುದೇ ನಿಜ.

ಸುದ್ದಿ ಕೇಳಿ ಗೊದ್ದಗಳ ಹಿರಿಯಮ್ಮ ಕೆಂಡವಾದಳು. “ಉಂಡ ಮನೆಗೆ ಎರಡು ಬಗೆದೆ. ಇನ್ನು ನೀನು ಕುಲದಿಂದ ಹೊರಗೆ.”

“ಆಗಲಿ ಅಮ್ಮ. ಮೊಟ್ಟೆಗಳನ್ನು ದಾಟಿಸಿ ಹೋಗುತ್ತೇನೆ. ಏರಿಯ ನೆತ್ತಿ ಈ ಸಲ ಸಾಲದು, ಜಾಲಿಯ ಪೊಟರೆಗೆ ಹೊರೋಣ. ಗೀಜಗಣ್ಣ ಜಾಗ ತೋರಿಸಿದ್ದಾನೆ.”

ಹಿರಿಯಮ್ಮ ಬಾಯಿ ತೆರೆಯುವುದರೊಳಗೆ ಗೊದ್ದವ್ವನ ಜೊತೆಯ ದಾದಿಯರು ಮೊಟ್ಟೆ ಎತ್ತಿಯಾಗಿತ್ತು. ಗೀಜಗಗಳು ಗಾಳಿಗೆ ಮರೆಯಾದ ಕೊಂಬೆಗೆ ಗೂಡು ಬದಲಿಸಿದವು. ಏಡಿಗಳು ಕಾಂಡ ಹಿಡಿದು ಮೇಲೆ ಬಂದವು. ಮರುದಿನ ಹೊಳೆ ಏರಿಯನ್ನೇ ನುಂಗಿತು. ಮರದ ಮೇಲೆ ಒಂದು ಮೊಟ್ಟೆಯೂ ನೆನೆಯಲಿಲ್ಲ.

ನೀರು ಇಳಿದಾಗ ಹಿರಿಯಮ್ಮ ಗೊದ್ದವ್ವನನ್ನು ತಬ್ಬಿಕೊಂಡು ಅತ್ತಳು. “ತಪ್ಪಾಯಿತು ಕಣೇ. ತಿಳಿದದ್ದನ್ನು ಹಂಚಿಕೊಂಡವರು ಉಳಿಯುತ್ತಾರೆ. ಇಷ್ಟು ಕಾಲ ನಮಗಿದು ಹೊಳೆಯಲಿಲ್ಲವಲ್ಲ!” ಮೂರೂ ಕುಲಗಳು ತಲೆದೂಗಿದವು.

ಆಗ ಆಚೆ ದಡದಿಂದ ಒದ್ದೆ ಅಳಿಲೊಂದು ಕೂಗಿ ಕೇಳಿತು. “ನೀವು ಹೇಗೆ ಉಳಿದಿರಿ? ನನಗೆ ಉಳಿದಿರುವುದು ಒಂದೇ ಮರಿ.”

ಹಿರಿಯಮ್ಮ ದನಿ ತಗ್ಗಿಸಿದಳು. ನೆರೆಯಲ್ಲೂ ಬಿಡದೆ ತಾನೇ ಹೊತ್ತು ತಂದಿದ್ದ ಉಪ್ಪಿನ ಹರಳನ್ನು ಪೊಟರೆಯಿಂದ ತೆಗೆದು ಗೊದ್ದವ್ವನ ಮುಂದಿಟ್ಟಳು.

“ಇನ್ನು ಮೇಲೆ ಇದು ನಮ್ಮ ಮೂರು ಕುಲಗಳ ಗುಟ್ಟು. ಮೊದಲು ನೀನೇ ಮುಟ್ಟು ತಾಯಿ, ಆ ಗೌರವ ನಿನ್ನದು.”

ಅಳಿಲು ಮರಿಯನ್ನು ಕಚ್ಚಿ ಹಿಡಿದು ಉತ್ತರಕ್ಕೆ ಕಾಯುತ್ತಿತ್ತು.