ಬಿಡು ಅನ್ನಬಾರದ ಶೆಡ್ಡು

ಆ ರಿಪೇರಿ ಶೆಡ್ಡಿನಲ್ಲಿ ‘ಬಿಡು’ ಎಂಬ ಮಾತಿಗೆ ಬಹಿಷ್ಕಾರವಿತ್ತು. ಸರಪಳಿಗೆ ತೂಗುಹಾಕಿದ ಮೋಟಾರನ್ನು ಕರೆಂಟಿನ ಗುಂಡಿ ಒತ್ತಿ ಮೇಲೇರಿಸಲು ‘ಎತ್ತು’, ಕೆಳಗೆ ತರಲು ‘ಇಳಿಸು’, ತಡೆಯಲು ‘ನಿಲ್ಲು’. ಮೂರೇ ಮಾತು. ಬಿಡು ಅಂದರೆ ಕೆಳಗೆ ಬಿಡು ಅಂತಲೂ ಆದೀತು, ಹೋಗಲಿ ಬಿಡು ಅಂತಲೂ ಆದೀತು. “ಅರ್ಥ ಎರಡಾದ್ರೆ ಬೆರಳು ಒಂಬತ್ತಾಗುತ್ತೆ” ಎಂದು ಮಿಸ್ತ್ರಿ ಮೊದಲ ದಿನವೇ ಎಡಗೈ ಎತ್ತಿ ತೋರಿಸಿದ್ದ. ಕಿರುಬೆರಳಿದ್ದ ಜಾಗ ನುಣ್ಣಗಿತ್ತು.

ಆರು ತಿಂಗಳಿಂದ ಅಲ್ಲಿ ಕೆಲಸ ಕಲಿಯುತ್ತಿದ್ದವಳಿಗೆ ‘ಪುಕ್ಕಲಿ’ ಎಂದೇ ಹೆಸರು. ಓದು ಮುಗಿಸಿ ಹೋದಲ್ಲೆಲ್ಲ “ಅನುಭವ ಇದೆಯೇನಮ್ಮಾ?” ಎಂಬ ಒಂದೇ ಪ್ರಶ್ನೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವ ಹಾಗೆ. ಇವತ್ತು ಕೊನೆಯ ದಿನ. ಒಂದು ಮೋಟಾರನ್ನು ತಾನೇ ಇಳಿಸಿ ಪೀಠದ ಮೇಲೆ ಕೂರಿಸಿದರೆ ಮಿಸ್ತ್ರಿ ಅನುಭವಪತ್ರಕ್ಕೆ ಸಹಿ ಹಾಕುತ್ತಾನೆ. ನಾಡಿದ್ದು ಪಂಪ್‌ಹೌಸಿನಲ್ಲಿ ಸಂದರ್ಶನ. ಪತ್ರವಿಲ್ಲದಿದ್ದರೆ ಬಾಗಿಲಲ್ಲೇ ವಾಪಸ್ಸು.

“ಹೆದರಿಕೆ ಆಗ್ತಿದೆಯಾ?”

“ಇಲ್ಲ ಅಣ್ಣ.”

“ಆಗ್ಬೇಕು ಕಣಮ್ಮ. ಹೆದರದವರ ಕೈಗೆ ನಾನು ಗುಂಡಿ ಕೊಡಲ್ಲ.”

ಅವಳು ಇಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದಳು. ಎಮ್ಮೆಯಷ್ಟು ಭಾರದ ಮೋಟಾರು ಪೀಠಕ್ಕಿಂತ ಎರಡು ಗೇಣು ಮೇಲೆ ತೂಗುತ್ತಿತ್ತು. ಮಿಸ್ತ್ರಿ ಮಂಡಿಯೂರಿ, ಬೋಲ್ಟಿನ ತೂತು ಕೂಡುತ್ತದೆಯೇ ಎಂದು ಅದರಡಿ ಕೈಯಾಡಿಸುತ್ತಿದ್ದ. ಬಾಗಿಲಿನಿಂದ ಅವನ ಅಣ್ಣ, ಶೆಡ್ಡಿನ ಯಜಮಾನ, ಕೂಗಿದ: “ಏನೋ, ಆ ಹಳೇ ಪಂಪು ಇವತ್ತೇ ಕೊಡ್ತೀಯೇನೋ?”

“ಅಯ್ಯೋ, ಅದನ್ನ ಬಿಡು ಅಣ್ಣಯ್ಯ!”

ಅವಳ ಹೆಬ್ಬೆರಳು ಗುಂಡಿಯನ್ನು ಒತ್ತಿಯಾಗಿತ್ತು.

ಮೋಟಾರು ಗಕ್ಕನೆ ಇಳಿಯಿತು. ಮಿಸ್ತ್ರಿ ಕೈ ಎಳೆದುಕೊಂಡು ಹಿಂದಕ್ಕೆ ಬಿದ್ದ. ಗೆಣ್ಣುಗಳ ಚರ್ಮ ಸುಲಿದು ರಕ್ತ ಜಿನುಗಿತು. ಬೆರಳು ಉಳಿದದ್ದು ದೇವರ ದಯೆ.

“ಹಾಳು ಸರಪಳಿ, ಜಾರ್ತು ನೋಡು!” ಎಂದ ಯಜಮಾನ. “ಹೊಸದು ತರ್ಸೋಣ.”

ಮಿಸ್ತ್ರಿಯೂ ತಲೆಯಾಡಿಸಿದ. ಯಾರೂ ನೋಡಿರಲಿಲ್ಲ. ಮೇಜಿನ ಮೇಲೆ ಪತ್ರ ಸಹಿಗಾಗಿ ಕಾದಿತ್ತು. ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಆದರೆ ಅವಳಿಗೆ ದಿಗಿಲು ಹುಟ್ಟಿಸಿದ್ದು ಬೈಗುಳವಲ್ಲ. ಮನಸ್ಸನ್ನು ಕೇಳದೆ ಕದಲಿದ ಆ ಹೆಬ್ಬೆರಳು. ಮುಂದೆ ಪಂಪ್‌ಹೌಸಿನಲ್ಲಿ ಅದು ಹೀಗೇ ಒತ್ತಿದರೆ ಕೆಳಗಿರುವುದು ಇನ್ಯಾರದೋ ಕೈ.

“ಸರಪಳಿ ಅಲ್ಲ ಅಣ್ಣ. ನಾನೇ ಒತ್ತಿದ್ದು. ನೀವು... ಬಿಡು ಅಂದ್ರಿ.”

ಮಿಸ್ತ್ರಿಯ ಮುಖ ಬಿಳಿಚಿಕೊಂಡಿತು. “ನಾನಂದೆನಾ?”

“ಅಂದ್ರಿ.”

“ಮೊದ್ಲು ಇವಳನ್ನ ಮನೆಗೆ ಕಳ್ಸು!” ಯಜಮಾನ ಗುಡುಗಿದ.

“ಕಳ್ಸೋದಾದ್ರೆ ಇಬ್ಬರನ್ನೂ ಕಳ್ಸು ಅಣ್ಣಯ್ಯ. ಬೆರಳು ಅವಳದ್ದು, ಬಾಯಿ ನಂದು.” ಮಿಸ್ತ್ರಿ ಗಾಯಕ್ಕೆ ಬಟ್ಟೆ ಸುತ್ತಿಕೊಂಡ. “ಸಹಿ ಇನ್ನೂ ಹಾಕಿಲ್ಲಮ್ಮ. ಎತ್ತು.”

ಮೋಟಾರು ಮೇಲೇರಿತು. ಅವನು ಮತ್ತೆ ಮಂಡಿಯೂರಿದ. ಬಟ್ಟೆ ಸುತ್ತಿದ ಅದೇ ಕೈಯನ್ನು ಮೋಟಾರಿನಡಿ ಚಾಚಿದ.

“ಇಳಿಸು.”

ಅವಳು ಒತ್ತಲಿಲ್ಲ. “ನನ್ನ ಮುಖ ನೋಡಿ ಹೇಳಿ ಅಣ್ಣ.”

ಮಿಸ್ತ್ರಿ ತಲೆಯೆತ್ತಿ ಅವಳನ್ನೇ ನೋಡಿ ಹೇಳಿದ. ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮೋಟಾರು ಇಳಿಯಿತು. ಅವನು ಕೈ ಹೊರಗೆಳೆದುಕೊಂಡ. ತೂತಿಗೆ ತೂತು ಕೂಡಿತು.

ಸಹಿಯಾದ ಪತ್ರವನ್ನು ಅವಳು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದೇ ಇದ್ದಳು.