ಆರನೆಯ ಗೆಲುವು

ಯಾರೋ ಟೀವಿಯ ಸದ್ದು ಹೆಚ್ಚು ಮಾಡಿದರು, ಕರಿದ ಕೋಳಿ ರೆಕ್ಕೆಗಳ ಹುಳಿಖಾರ ಮೂಗಿಗೆ ಅಡರಿತು, ವರ್ಷದ ಕೊನೆಗೆ ಗೆದ್ದ ಫುಟ್‌ಬಾಲ್ ತಂಡಗಳನ್ನು ಕರೆದು ಆಡಿಸುವ ಬೌಲ್ ಪಂದ್ಯಗಳಲ್ಲಿ ಇನ್ನು ಒಂಬತ್ತು ಜಾಗ ಖಾಲಿ ಇವೆ ಎನ್ನುತ್ತಿದ್ದಾನೆ ಟೀವಿಯವನು, ನಮ್ಮ ತಂಡದ ಹುಡುಗರು ಕುರ್ಚಿ ಸಾಲದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ, ಚರ್ಚಿನಿಂದ ನೇರವಾಗಿ ಬಂದವರ ಟೈ ಇನ್ನೂ ಕೊರಳಲ್ಲೇ ಇದೆ, ಮತ್ತು ಮೂರನೆಯ ಸಾಲಿನಲ್ಲಿ ಓಡೆಲ್ ಪ್ರೇದರನ ಕೈಯಲ್ಲಿ ಆ ಕಿತ್ತಳೆ — ಎಂಟು ದಿನದ ಹಣ್ಣು, ಸುಕ್ಕಾಗಿದೆ, ಇನ್ನೂ ಸುಲಿದಿಲ್ಲ. ಏ ವರ್ಲೀನ್, ಏಳು, ಟೀವಿ ಆರಿಸು, ಹೇಳಿಬಿಡು. ಹೇಳುವುದೇನು ಮಹಾ, ಮಕ್ಕಳೇ ನಮ್ಮನ್ನು ಯಾರೂ ಕರೆಯುವುದಿಲ್ಲ, ನಿಮ್ಮ ಆರನೆಯ ಗೆಲುವು ಎಣಿಕೆಗಿಲ್ಲ, ಕಾರಣ ನಾನು — ಇಷ್ಟೇ. ಕೂತೇ ಇದ್ದೇನೆ. ಬೆಳಿಗ್ಗೆ ಫೋನಿನಲ್ಲಿ ಕಾಲೇಜು ಕ್ರೀಡೆಗಳ ಮೇಲಿನ ಕಚೇರಿಯವಳ ದನಿ ಎಷ್ಟು ಮೃದುವಾಗಿತ್ತು, ಸಾರಿ ಮೇಡಂ, ನಿಮ್ಮ ಅರ್ಜಿ ಗಡುವು ಮುಗಿದ ಮೇಲೆ ಬಂತು, ನಾವು ಮಾಡೋಕೇನೂ ಇಲ್ಲ, ಇಷ್ಟು ಮೃದುವಾಗಿ ಕತ್ತು ಕೊಯ್ಯುವುದನ್ನು ಎಲ್ಲಿ ಕಲಿಯುತ್ತಾರೋ. ಕೋಚ್ ಹ್ಯಾವರ್ಟಿ ಆಗ ಪ್ರಾರ್ಥನೆಗೆ ಹೋಗಿದ್ದರು, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ, ಬಂದರು, ಹೊಸ ಟೈ, ಮುಖದ ತುಂಬ ನಗು, ಹತ್ತೊಂಬತ್ತು ವರ್ಷ ಆಯ್ತಲ್ಲ ಮಿಸ್ ವರ್ಲೀನ್ ನಮ್ಮ ಕಾಲೇಜು ಬೌಲ್ ಪಂದ್ಯಕ್ಕೆ ಹೋಗಿ, ಬಸ್ಸುಗಳಿಗೆ ಹೇಳಿದೀರಾ ತಾನೆ, ಹೇಳಿದೀನಿ ಕೋಚ್, ಎಂದಿತು ಈ ಹಾಳು ಬಾಯಿ.

ಎಲ್ಲ ಆ ಚಂಡಮಾರುತದಿಂದ — ಅಲ್ಲ, ಗಾಳಿಯ ಮೇಲೆ ಹಾಕಬೇಡ. ಸೆಪ್ಟೆಂಬರಿನಲ್ಲಿ ಒಂದು ಪಂದ್ಯ ಗಾಳಿಮಳೆಗೆ ರದ್ದಾಯಿತು, ಬದಲಿಗೆ ಯಾರನ್ನಾದರೂ ಹುಡುಕು ಎಂದರು, ವೇಳಾಪಟ್ಟಿ ಹೊಂದಿಸುವುದೇ ಇಪ್ಪತ್ತೇಳು ವರ್ಷದಿಂದ ನನ್ನ ಕೆಲಸ, ಸಿಕ್ಕಿದ್ದು ಒಂದು ಕೆಳ ದರ್ಜೆಯ ಪುಟ್ಟ ಕಾಲೇಜು, ಅಂಥದ್ದೊಂದು ಪಂದ್ಯ ಆಗಲೇ ಪಟ್ಟಿಯಲ್ಲಿತ್ತು. ನಿಯಮ ನನಗೆ ಬಾಯಿಪಾಠ, ಬೌಲಿಗೆ ಆರು ಗೆಲುವು ಬೇಕು, ಕೆಳ ದರ್ಜೆಯವರ ಮೇಲಿನದು ಒಂದೇ ಎಣಿಕೆಗೆ ಬರುತ್ತದೆ, ಎರಡನೆಯದೂ ಬರಬೇಕಾದರೆ ಆಡುವ ಮೊದಲೇ ವಿನಾಯಿತಿಗೆ ಅರ್ಜಿ ಹಾಕಬೇಕು, ಎರಡೇ ಪುಟದ ಅರ್ಜಿ, ಡ್ರಾಯರಿನಲ್ಲಿ ಚಹಾದ ಡಬ್ಬಿಯ ಕೆಳಗೆ. ಮರೆತೆ ಎಂದು ಊರಿಗೆ ಹೇಳಬಹುದು. ಮರೆತಿರಲಿಲ್ಲ, ಚಹಾ ಮಾಡುವಾಗಲೆಲ್ಲ ಕಾಣುತ್ತಿತ್ತು, ಆಗಲೇ ಮೂರು ಸೋತಿದ್ದರು, ಈ ಮುಖಗಳು ಆರು ಗೆಲ್ಲುವುದು ಹೌದಾ, ಯಾಕೆ ಸುಮ್ಮನೆ ಎರಡು ಪುಟ ತುಂಬಲಿ ಎಂದು ಡ್ರಾಯರು ನೂಕಿದೆ. ಅದೇ ವಾರ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಓಡೆಲ್ ನನ್ನ ಬಾಗಿಲಲ್ಲಿ ನಿಂತಿದ್ದ, ಮಿಸ್ ವರ್ಲೀನ್, ನಂದು ಇದು ಕೊನೇ ವರ್ಷ, ನಾವು ಹೋಗ್ತೀವಾ, ಹೋಗ್ತೀವಿ ಕಣೋ, ಹೋಗದೆ ಏನು, ಅಂದೆ, ತುಂಬದ ಅರ್ಜಿಯ ಮೇಲೆ ಕೂತ ಡಬ್ಬಿಯಿಂದ ಚಹಾ ತೆಗೆಯುತ್ತ ಅಂದೆ, ಅವನು ನಂಬಿದ.

ನಂಬಿ ಗೆದ್ದ, ಎಲ್ಲರೂ ಗೆದ್ದರು, ಒಂದು, ಎರಡು, ಮೂರು, ನವೆಂಬರಿನಲ್ಲಿ, ಆ ಬದಲಿ ಪಂದ್ಯವನ್ನೂ ಆಡಿ ಗೆದ್ದಾದ ಮೇಲೆ, ಓಡಿಹೋಗಿ ಅರ್ಜಿ ಕಳಿಸಿದೆ, ಕೋಚ್ ಕೇಳಿದಾಗ ಕಳಿಸಿಯಾಯಿತು ಎಂದೆ, ಯಾವಾಗ ಎಂದು ಅವರು ಕೇಳಲಿಲ್ಲ. ಎಂಟು ದಿನದ ಹಿಂದೆ, ಶನಿವಾರ, ಆರನೆಯದು, ಬೌಲಿನ ಕಡೆಯ ಆ ಹಸಿರು ಕೋಟಿನ ಪೆಟ್ಟಿಬೋನ್ ಬಂದಿದ್ದ, ಆಟ ನೋಡಿದನೋ ಇಲ್ಲವೋ, ನಿಮ್ಮೂರಿಂದ ಎಷ್ಟು ಬಸ್ ಜನ ಬರ್ತಾರೆ, ಹೋಟೆಲ್ ತುಂಬ್ತಾರಾ, ಇವೇ ಪ್ರಶ್ನೆ, ಹೀಗೇ ಆರಿಸುವುದು ಇವರು, ಮದುವೆ ಮನೆಯಲ್ಲಿ ಎಲೆ ಎಣಿಸಿದ ಹಾಗೆ. ಹೋಗುವಾಗ ಬುಟ್ಟಿಯಿಂದ, ಬೌಲ್ ನಡೆಯುವ ತಮ್ಮ ಕಡಲ ದಡದ ಊರಿನ ಕಿತ್ತಳೆ ಹಂಚಿದ. ಉಳಿದವರು ಅಲ್ಲೇ ತಿಂದರು, ಓಡೆಲ್ ಮಾತ್ರ, ಐದು ವರ್ಷ ಚೆಂಡು ಹಿಡಿದವನನ್ನು ಕಾಯಲು ಎದುರಾಳಿಗಳಿಗೆ ಎದೆ ಕೊಟ್ಟು ಪಂದ್ಯದಲ್ಲಿ ಒಂದು ಸಲವೂ ಚೆಂಡು ಮುಟ್ಟದ ಓಡೆಲ್, ಹೆಸರು ಬಂದಮೇಲೆ ಸುಲೀತೀನಿ ಎಂದು ಇಟ್ಟುಕೊಂಡ. ಅವನಮ್ಮ ಲುವೀನಿಯಾ, ಆಸ್ಪತ್ರೆಯ ಬಟ್ಟೆ ಒಗೆಯುವವಳು, ನಿನ್ನೆ ಫೋನ್ ಮಾಡಿದ್ದಳು, ರಜಾ ಸಿಕ್ತು ಮಿಸ್ ವರ್ಲೀನ್, ನಾನು ಸಮುದ್ರ ನೋಡೇ ಇಲ್ಲ, ಅಲ್ಲಿ ಸ್ವೆಟರ್ ಬೇಕಾಗುತ್ತಾ, ಬೇಡಮ್ಮ, ಬೆಚ್ಚಗಿರುತ್ತೆ, ಅಂದೆ. ದೇವರೇ.

ಇನ್ನು ಮೂರು ಜಾಗ. ಎರಡು. ಹಸಿರು ಕೋಟಿನವನಿಗೂ ಬೆಳಿಗ್ಗೆಯೇ ಗೊತ್ತಾಗಿರುತ್ತದೆ, ಆರು ಗೆದ್ದವರು ಸಾಲದಾಗ ಮಾಡುವಂತೆ, ಐದೇ ಗೆದ್ದರೂ ಓದಿನಲ್ಲಿ ಮುಂದಿರುವ ಯಾವುದೋ ಕಾಲೇಜನ್ನು ಕರೆದಿರುತ್ತಾನೆ, ನಮ್ಮ ಓದಿನ ಅಂಕ ನನಗೆ ಗೊತ್ತಿಲ್ಲವೇ. ಈಗ ಒಂದು, ಪರದೆಯ ಮೇಲೆ ಒಂದೇ ಖಾಲಿ ಚೌಕ, ಜಾಹೀರಾತು ಬಂತು, ಕೋಚ್ ಟೈ ಸರಿಮಾಡಿಕೊಂಡರು, ಹೇಳು ವರ್ಲೀನ್, ಟೀವಿಯವನ ಬಾಯಲ್ಲಿ ಕೇಳಿಸಬೇಡ — ಓಡೆಲ್ ಹಿಂದೆ ತಿರುಗಿ ನನ್ನನ್ನೇ ಹುಡುಕುತ್ತಿದ್ದಾನೆ, ಅವನ ಕಣ್ಣಿಗೆ ಸಿಕ್ಕಿಬಿಟ್ಟೆ, ಹಣ್ಣು ಎತ್ತಿ ತೋರಿಸಿದ, ಮಿಸ್ ವರ್ಲೀನ್, ಇದು ನಮ್ದೇ, ಅರ್ಧ ನಿಮಗೆ, ಲೇ ತಡಿಯೋ ಹೆಸರು ಬರಲಿ, ಎಂದ ಪಕ್ಕದವನು, ಆರು ಗೆದ್ದಿದೀವಿ ಕಣೋ, ಇನ್ನೇನು ಬರೋದು, ಓಡೆಲ್ ಬೇಡ, ಬೇಡ ಮಗಾ, ಎದ್ದಿದ್ದೇನೆ, ಎದ್ದೇ ನಿಂತಿದ್ದೇನೆ, ಬಾಯಿ ತೆರೆದಿದೆ, ದನಿ ಇಲ್ಲ, ಅವನು ನಗುತ್ತಿದ್ದಾನೆ, ಹೆಬ್ಬೆರಳು ಹಣ್ಣಿನ ತುದಿ ಹುಡುಕುತ್ತಿದೆ, ಹೆಬ್ಬೆರಳಿನ ಉಗುರು, ಕಿತ್ತಳೆ, ಆ ಉಗುರು, ಸಿಪ್ಪೆಯೊಳಗೆ ಇಳಿಯಿತು