ಹುಣಸೆಹಣ್ಣಿನಲ್ಲಿ ತಿಕ್ಕಿದ ಮೊಳೆಗಳು

"ಅಮ್ಮಾ, ಮೊಳೆ ಮೇಲಿದ್ದ ತುಕ್ಕೆಲ್ಲಾ ಎಲ್ಲೋಯ್ತು?"

ನೀರಿನ ಫಿಲ್ಟರಿನ ಮೇಲಿನ ಬಕೆಟ್ಟಿಗೆ ಕೈ ಹಾಕಿದ್ದ ಚಂದನ ಹಾಗೆ ಕೇಳಿದಾಗ ಆದಿಲಕ್ಷ್ಮಮ್ಮನಿಗೆ ಹೆಮ್ಮೆಯೇ ಆಯಿತು. ತಾಯಲೂರು ಸುತ್ತಿನ ಹತ್ತಾರು ಮನೆಗಳಿಗೆ ಒಂದು ಸೇವಾಸಂಸ್ಥೆಯವರು ಕೊಟ್ಟುಹೋದ ಫಿಲ್ಟರ್ ಅದು: ಒಂದರ ಮೇಲೊಂದು ಎರಡು ಬಕೆಟ್, ಮೇಲಿನದರ ತುಂಬ ಮರಳು, ಮರಳಿನ ನಡುವೆ ಕಬ್ಬಿಣದ ಮೊಳೆ. ತಿಂಗಳಿಗೊಮ್ಮೆ ಬಂದು ನೋಡುವ ಕೆಲಸ ಚಂದನಳದು. ತುಕ್ಕು ಹಿಡಿದ ಮೊಳೆಯಲ್ಲಿ ನೆನೆದ ನೀರೆಂದರೆ ಆದಿಲಕ್ಷ್ಮಮ್ಮನಿಗೆ ಮೊದಲ ದಿನದಿಂದಲೂ ಅಸಹ್ಯ.

"ನಿನ್ನೆ ಗುರುವಾರ ಅಲ್ವಾ, ದೇವ್ರ ಸಾಮಾನು ತಿಕ್ಕೋ ದಿನ. ಹಂಗೇ ಇವನ್ನೂ ಹುಣ್ಸೆಹಣ್ಣು ಹಾಕಿ ತಿಕ್ದೆ. ಹೆಂಗೆ ಫಳಫಳ ಅಂತೈತೆ ನೋಡು!"

ಚಂದನಳ ಮುಖ ಇಳಿದುಹೋಯಿತು. "ಅಯ್ಯೋ, ಬೋರ್‌ವೆಲ್ ನೀರಲ್ಲಿರೋ ವಿಷನ ಹಿಡ್ದಿಟ್ಕೊಳ್ಳೋದೇ ಆ ತುಕ್ಕಮ್ಮಾ. ಏಳು ತಿಂಗ್ಳ ವಿಷ ಅದ್ರಲ್ಲಿತ್ತು. ತೊಳ್ದ ನೀರ್ನ ಎಲ್ಲಿಗೆ ಹಾಕಿದ್ರಿ?"

"ಹಿತ್ಲಿಗೆ."

ಸುಳ್ಳು. ಆ ಮನೆಯಲ್ಲಿ ಅಕ್ಕಿ ತೊಳೆದ ನೀರಾಗಲಿ, ಪಾತ್ರೆ ತೊಳೆದ ನೀರಾಗಲಿ ಹಿತ್ತಲಿಗೆ ಹೋದದ್ದೇ ಇಲ್ಲ. ಎಲ್ಲವೂ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಹುಳಿ ಬೆರೆತ ಆ ಕೆಂಪು ನೀರಿಗೆ ಆಕೆ ಎರಡು ಹಿಡಿ ಬೂಸಾ ಕಲಸಿ ಇಟ್ಟಿದ್ದಳು. ಹಸು ತಳ ನೆಕ್ಕಿ ಕುಡಿದಿತ್ತು. ಅದು ಕೊಡುತ್ತಿದ್ದ ಹಾಲು ಮನೆಮಟ್ಟಿಗೆ ಮಾತ್ರ, ಅದರಲ್ಲೂ ಮುಕ್ಕಾಲು ಪಾಲು ಮೊಮ್ಮಗಳು ಸಹನಳಿಗೆ.

ಐದು ವರ್ಷದ ಸಹನ ಹೊಸ್ತಿಲ ಮೇಲೆ ಕೂತು ಎರಡನೇ ಲೋಟ ಹಾಲನ್ನು ಊದುತ್ತಿದ್ದಳು. ಮೇಲ್ದುಟಿಯ ಮೇಲೆ ಮೊದಲ ಲೋಟದ ಬಿಳಿ ಗೆರೆ ಇನ್ನೂ ಇತ್ತು. ಆದಿಲಕ್ಷ್ಮಮ್ಮನ ಕಣ್ಣು ಆ ಗೆರೆಯ ಮೇಲೆ ನಿಂತಿತು. ಸೊಸೆ ಸುನಂದಳಿಗೆ ಗೊತ್ತಾದರೆ ಮಗುವನ್ನು ಮತ್ತೆ ತನ್ನ ಕೈಗೆ ಕೊಟ್ಟಾಳೆಯೇ? ಚಂದನ ಪುಸ್ತಕದಲ್ಲಿ ಬರೆದುಕೊಂಡು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಸಹನ ಲೋಟ ಎತ್ತಿದಳು.

"ಬೇಡ ಕಣೇ!" ಆದಿಲಕ್ಷ್ಮಮ್ಮ ನುಗ್ಗಿ ಕಿತ್ತುಕೊಂಡ ರಭಸಕ್ಕೆ ಹಾಲೆಲ್ಲ ಚೆಲ್ಲಿತು. ಮಗು ಬೆಚ್ಚಿ ಅಳತೊಡಗಿತು. "ಚಂದನಮ್ಮಾ, ನಿಂತ್ಕೋ. ಸುಳ್ಳು ಹೇಳ್ದೆ ಕಣಮ್ಮ. ಹಸೂಗೆ ಕುಡಿಸ್ಬಿಟ್ಟೆ. ಮಗು ಆಗ್ಲೇ ಒಂದು ಲೋಟ ಕುಡ್ದೈತೆ. ಏನಾಗ್ತದೆ ಇದಕ್ಕೆ? ಹೇಳಮ್ಮಾ, ಏನಾಗ್ತದೆ?"

ಚಂದನ ತಿರುಗಿ ಬಂದು ಕೋಲಾರದ ಡಾಕ್ಟರಿಗೆ ಫೋನ್ ಮಾಡಿದಳು. ಮಾತು ಮುಗಿಯುವವರೆಗೂ ಆದಿಲಕ್ಷ್ಮಮ್ಮ ಅವಳ ತುಟಿಗಳನ್ನೇ ನೋಡುತ್ತ ನಿಂತಳು.

"ಒಂದು ಲೋಟಕ್ಕೆ ಅಷ್ಟು ಗಾಬ್ರಿ ಬೇಡ ಅಂತಾರೆ. ಆದ್ರೂ ನಾಳೆ ಮೊದಲ್ನೇ ಬಸ್ಸಿಗೆ ಕೋಲಾರಕ್ಕೆ ಕರ್ಕೊಂಡು ಬರ್ಬೇಕಂತೆ, ಪರೀಕ್ಷೆ ಮಾಡ್ತಾರಂತೆ. ಅಲ್ಲೀವರ್ಗೂ ಹಾಲು ಕರ್ದು ಚೆಲ್ಬಿಡಿ. ಕರೂಗೂ ಬಿಡ್ಬೇಡಿ."

"ಏನೂ ಆಗಲ್ಲ ಅಂತ ಹೇಳಮ್ಮಾ."

"ಅದನ್ನ ನಾನು ಹೆಂಗೆ ಹೇಳ್ಲಮ್ಮಾ?" ಎಂದಳು ಚಂದನ.

ಸಂಜೆ ಕೆಚ್ಚಲು ಬಿಗಿದು ಹಸು ಕೂಗತೊಡಗಿತು. ಆದಿಲಕ್ಷ್ಮಮ್ಮ ಕರುವನ್ನು ದೂರ ಕಟ್ಟಿ, ಬರಿಗೈಯಲ್ಲಿ ಬಂದು ಕುಕ್ಕರಗಾಲಲ್ಲಿ ಕೂತಳು. ಒಂದು ತೊಟ್ಟು ಹಾಲು ನೆಲಕ್ಕೆ ಬಿದ್ದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಹೆಂಗಸು. ಈಗ ಧಾರೆ ನೇರವಾಗಿ ಮಣ್ಣಿಗೆ ಇಳಿಯಿತು.

"ಅಜ್ಜಿ, ಚೆಂಬು ಮರ್ತೋಗಿದ್ದೀಯ!" ಸಹನ ಒಳಗೆ ಓಡಿ ಚೆಂಬು ತಂದು, ಎರಡೂ ಕೈಯಲ್ಲಿ ಕೆಚ್ಚಲ ಕೆಳಗೆ ಹಿಡಿದಳು. ಆದಿಲಕ್ಷ್ಮಮ್ಮ ಅದನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಮಗುವಿನ ಮುಖವನ್ನೇ ನೋಡುತ್ತ ಹಾಲು ಕರೆದಳು.